ಎಣ್ಣೆ ಹಚ್ಚಿದ ಬ್ರೇಕು

ನಮ್ಮ ಶಿವಣ್ಣ ಭಾವನವರು ಯಾರ ಮನೆಗೆ ಹೋದರೂ ಬಾಗಿಲು ತಟ್ಟುತ್ತಿರಲಿಲ್ಲ. ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಕೀಲು ಕಿರ್ ಎನ್ನುತ್ತದೆಯೋ ಇಲ್ಲವೋ ಅಂತ ಕಿವಿಗೊಟ್ಟು ಕೇಳುತ್ತಿದ್ದರು. ಕಿರ್ ಅಂದರೆ ಅವರ ಮುಖ ಅರಳುತ್ತಿತ್ತು. ಒಳಗಿದ್ದವರು ಯಾರೋ ಏನೋ ಅಂತ ಓಡಿಬಂದರೆ, "ಇದ ಹಿಂಗೇ ಬುಟ್ಕಂಡಿದ್ದೀರಲ್ರೀ" ಎನ್ನುವುದೇ ಅವರ ನಮಸ್ಕಾರ.

‘ಭಾವನವರು’, ‘ಅವರು’ ಅಂತ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಅದು ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಅವರು ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹುಟ್ಟೂರು ಮದ್ದೂರಿನ ಪಕ್ಕದ ಶಿವಪುರ. ಸ್ವಾತಂತ್ರ್ಯ ಚಳವಳಿಯಲ್ಲಿ ಅಲ್ಲಿ ಧ್ವಜ ಹಾರಿಸಿದಾಗ ಇವರಿನ್ನೂ ತೊಟ್ಟಿಲಲ್ಲಿದ್ದರು. ಆದರೂ ಮಾತು ಎಲ್ಲಿಂದ ಶುರುವಾದರೂ "ನಾವು ಶಿವಪುರದೋರು ಕಣಮ್ಮ, ಬ್ರಿಟಿಷರ್ಗೇ ಬಗ್ಗಲಿಲ್ಲ" ಎನ್ನುವಲ್ಲಿಗೆ ಬಂದು ಮುಟ್ಟುತ್ತಿತ್ತು. ಬ್ರಿಟಿಷರಿಗೆ ಬಗ್ಗದ ಈ ಮನುಷ್ಯ ಬ್ರಿಟಿಷರ ದೇಶದ ಒಂದು ಮೊಳೆ ಕಂಡರೂ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬೆಂಗಳೂರಿನಿಂದ ಆಚೆಗೆ ಕಾಲಿಟ್ಟವರಲ್ಲ. ಆದರೆ ಫಾರಿನ್ನಿನಲ್ಲಿ ಬಾಗಿಲು ಹೇಗಿರುತ್ತದೆ, ಬಕೆಟ್ಟು ಹೇಗಿರುತ್ತದೆ, ಅಲ್ಲಿಯ ಜನ ಇಡ್ಲಿ ಬೇಯಿಸುವುದಾಗಿದ್ದರೆ ಹೇಗೆ ಬೇಯಿಸುತ್ತಿದ್ದರು ಎಂಬುದೆಲ್ಲ ಅವರಿಗೆ ಗೊತ್ತಿತ್ತು.

ಅಕ್ಕನನ್ನು ನೋಡಲು ಮಂಡ್ಯದ ನಮ್ಮ ಮನೆಗೆ ಬಂದ ದಿನವೇ ಇವರ ಯೋಗ್ಯತೆ ಗೊತ್ತಾಗಬೇಕಿತ್ತು. ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಗಂಡು ತಲೆ ಎತ್ತಲಿಲ್ಲ. ನಾಚಿಕೆ ಅಂತ ಅಮ್ಮ ಸಂತೋಷಪಟ್ಟಳು. ನಾಚಿಕೆಯಲ್ಲ, ಅವರು ಪಕ್ಕದ ಕುರ್ಚಿಯ ಕಾಲು ನೋಡುತ್ತಿದ್ದರು. "ಇದು ಅಲ್ಲಾಡ್ತದಲ್ಲ, ಒಂದು ಸ್ಕ್ರೂಡ್ರೈವರ್ ಕೊಡಿ" ಅಂದರು. ಅದೇ ಅವರ ಬಾಯಿಂದ ಬಂದ ಮೊದಲ ಮಾತು. ಕುರ್ಚಿಯನ್ನು ಬೋರಲು ಹಾಕಿಕೊಂಡು ರಿಪೇರಿ ಮಾಡಿದರು. ನಮ್ಮಪ್ಪ, "ಕೈಯಲ್ಲಿ ಕಸುಬಿರೋ ಹುಡುಗ" ಅಂತ ಒಪ್ಪಿಬಿಟ್ಟರು. ಗಂಡಿನ ಕಡೆಯವರು ಬಸ್ಸು ಹತ್ತಿದ ಮೇಲೆ ಸಂಬಂಧ ತಂದಿದ್ದ ದೊಡ್ಡಪ್ಪ ಅದೇ ಕುರ್ಚಿಯಲ್ಲಿ ಕೂತರು, ಕುರ್ಚಿ ಸಮೇತ ನೆಲಕ್ಕೆ ಬಂದರು. ಅಷ್ಟು ಹೊತ್ತಿಗೆ ಮಾತುಕತೆ ಮುಗಿದುಹೋಗಿತ್ತು.

ಮದುವೆಯಾದ ಮೇಲೆ ಅಕ್ಕನಿಗೆ ಪೂರಿಗಾಲಿಯ ಸ್ಕೂಲಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ನನಗೆ ಮಳವಳ್ಳಿಯಲ್ಲೇ ಒಬ್ಬ ವಕೀಲರ ಹತ್ತಿರ ಟೈಪಿಂಗ್ ಕೆಲಸ. ಅಕ್ಕನ ಮನೆಯಲ್ಲೇ ಇದ್ದೆ, ಹಾಗಾಗಿ ಭಾವನವರ ಸುಧಾರಣೆಗಳನ್ನೆಲ್ಲ ಮೈಮೇಲೆ ಹಾಕಿಸಿಕೊಂಡಿದ್ದೇನೆ. ಕಾಯಿ ತುರಿಯುವ ಮಣೆಗೆ ಸೈಕಲ್ ಪೆಡಲ್ ಜೋಡಿಸಿದರು, ತುರಿಯೆಲ್ಲ ಗೋಡೆಗೆ ಹಾರಿತು. ಬಚ್ಚಲ ಹಂಡೆಗೆ ಕೊಳಾಯಿ ಕೂರಿಸಿದರು, ಹಂಡೆ ತೂತಾಯಿತು. ಕೆಟ್ಟದ್ದನ್ನು ರಿಪೇರಿ ಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವರು ಕೆಡದೆ ಇದ್ದದ್ದನ್ನು ಹುಡುಕಿ ಹುಡುಕಿ ರಿಪೇರಿ ಮಾಡುತ್ತಿದ್ದರು.

ಆಗ ಅವರ ಹತ್ತಿರ ಮೈಸೂರಿನಲ್ಲೇ ತಯಾರಾದ ಎರಡು ಸೈಲೆನ್ಸರಿನ ಮೋಟಾರ್ ಸೈಕಲ್ಲಿತ್ತು. ಚೆನ್ನಾಗಿಯೇ ಓಡುತ್ತಿತ್ತು, ಚೆನ್ನಾಗಿಯೇ ನಿಲ್ಲುತ್ತಿತ್ತು. ದಿನಾ ಬೆಳಿಗ್ಗೆ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಪೂರಿಗಾಲಿಗೆ ಬಿಟ್ಟುಬರುವುದು ಅವರ ಪದ್ಧತಿ. ಅಕ್ಕನಿಗೆ ಆ ಗಾಡಿ ಕಂಡರೆ ಆಗುತ್ತಿರಲಿಲ್ಲ. ಸೆರಗು, ಬುತ್ತಿ, ಪುಸ್ತಕದ ಚೀಲ ಎಲ್ಲ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಟಿನ ಅಂಚು ಹಿಡಿದು ಕೂರಬೇಕು. ಬಸ್ಸಿನಲ್ಲಿ ಹೋಗ್ತೀನಿ ಅಂತ ಒಂದು ಸಲ ಅಂದಳು. "ಶಿವಪುರದೋನ ಹೆಂಡ್ತಿ ಬಸ್ಸಲ್ಲಿ ನೇತಾಡ್ಕಂಡು ಹೋಗದಾ? ಜನ ಏನಂದಾರು?" ಅಂತ ಭಾವನವರು ರೇಗಿದರು. ಅಲ್ಲಿಗೆ ಬಸ್ಸಿನ ಮಾತು ಮುಗಿಯಿತು.

ಅಂಥ ದಿನಗಳಲ್ಲಿ ಕಚೇರಿಗೆ ಬಂದ ಯಾರೋ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಬಿಟ್ಟುಹೋದರು. ಅದರಲ್ಲಿ ಒಂದು ಫಾರಿನ್ ಮೋಟಾರ್ ಸೈಕಲ್ಲಿನ ಬಣ್ಣದ ಚಿತ್ರವಿತ್ತು. ನಮ್ಮ ಗಾಡಿಗಳಲ್ಲಿ ಆಗ ಇದ್ದದ್ದು ಡ್ರಮ್ ಬ್ರೇಕು. ಚಕ್ರದ ನಡುವಿನ ಡಬ್ಬಿಯೊಳಗೆ ಎರಡು ಪಟ್ಟಿಗಳು ಅಗಲವಾಗಿ ಒತ್ತಿ ಹಿಡಿಯುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಆ ಚಿತ್ರದಲ್ಲಿದ್ದದ್ದು ಡಿಸ್ಕು. ಚಕ್ರದ ಪಕ್ಕದಲ್ಲಿ ಹೊಳೆಯುವ ಕಬ್ಬಿಣದ ತಟ್ಟೆಯೊಂದು ಬಟ್ಟಾಬಯಲಿನಲ್ಲಿ ತಿರುಗುತ್ತದೆ, ಕಾಲಲ್ಲಿ ಒತ್ತಿದರೆ ಎರಡು ಬಿಲ್ಲೆಗಳು ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಇಷ್ಟನ್ನೂ ಭಾವನವರು ಊಟದ ತಟ್ಟೆಯನ್ನೇ ತಿರುಗಿಸಿ ನನಗೆ ವಿವರಿಸಿದರು. ಅನ್ನ ಚೆಲ್ಲಿತು.

"ನಮ್ಮೋರು ಬಿರೇಕ ಡಬ್ಬೀಲಿ ಬಚ್ಚಿಟ್ಟವ್ರೆ. ಅವ್ರು ನೋಡು, ಆಚ್ಗೇ ಇಟ್ಟವ್ರೆ. ಧೈರ್ಯ ಅಂದ್ರೆ ಅದು ಕಣಮ್ಮ" ಅಂದರು.

"ಇರೋದು ನಿಲ್ತಾ ಇದೆಯಲ್ಲ ಭಾವ" ಅಂದೆ.

"ನಿಲ್ಲದು ಬೇರೆ, ಡಿಸ್ಕಲ್ಲಿ ನಿಲ್ಲದು ಬೇರೆ."

ಮದ್ದೂರಿನಲ್ಲಿ ರಾಜಣ್ಣ ಅಂತ ಒಬ್ಬ ಲೇತ್ ಇಟ್ಟುಕೊಂಡಿದ್ದ. ಯಾರು ಏನು ಕೇಳಿದರೂ ಇಲ್ಲ ಅಂದವನಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು. ಭಾವನವರು ಚಿತ್ರ ತೋರಿಸಿದರೆ, ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದುಕೊಂಡೇ "ಮಾಡ್ಬುಡವ ಬುಡಿ ಸಾ, ಅದೇನ್ ಮಹಾ" ಅಂದನಂತೆ. ಬೆಂಗಳೂರಿನ ಗುಜರಿಯಲ್ಲಿ ಯಾವುದೋ ವಿದೇಶಿ ಕಾರಿನಿಂದ ಬಿಚ್ಚಿದ ಡಿಸ್ಕು ಸಿಕ್ಕಿತು. ಅದನ್ನು ಲೇತಿನಲ್ಲಿ ಕೊರೆದು ಸಣ್ಣದು ಮಾಡುವುದು, ಹಿಂದಿನ ಚಕ್ರಕ್ಕೆ ಕೂರಿಸುವುದು, ಕೂರದಿದ್ದರೆ ಬಿಚ್ಚುವುದು. ಆ ಮಳೆಗಾಲ ಪೂರ್ತಿ ಭಾನುವಾರಗಳೆಲ್ಲ ಮದ್ದೂರಿನಲ್ಲೇ ಕಳೆದವು.

ಗಾಡಿ ರಾಜಣ್ಣನ ಹತ್ತಿರ ಇದ್ದಷ್ಟು ದಿನ ಅಕ್ಕ ಬಸ್ಸಿನಲ್ಲಿ ಓಡಾಡಿದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ. ಬಸ್ಸಿನಲ್ಲಿ ಜೊತೆಗೆ ಇನ್ನಿಬ್ಬರು ಟೀಚರಮ್ಮಂದಿರು ಸಿಗುತ್ತಿದ್ದರು. ಬರುವಾಗ ಸೌತೆಕಾಯಿ, ಸೊಪ್ಪು, ಯಾರ ಮನೆಯ ಸೊಸೆ ತವರಿಗೆ ಹೋದಳು ಎಂಬ ಸುದ್ದಿ ಎಲ್ಲ ಹೊತ್ತು ತರುತ್ತಿದ್ದಳು. ಒಂದು ದಿನ ಪಾತ್ರೆ ತೊಳೆಯುತ್ತಾ, "ಆ ಗಾಡಿ ಅಲ್ಲೇ ಇದ್ದುಬಿಡಲಿ ಕಣೇ" ಅಂದಳು.

ಇರಲಿಲ್ಲ. ಬಂತು. ಬಂದ ದಿನವೇ ಸಂತೆಮಾಳದಲ್ಲಿ ಪ್ರದರ್ಶನ. ನಿಜ ಹೇಳಬೇಕು, ಆ ದರಿದ್ರದ್ದು ನಿಲ್ಲುತ್ತಿತ್ತು. ಒತ್ತಿದರೆ ಕೀಚ್ ಅಂತ ಕಿರುಚಿ, ಧೂಳೆಬ್ಬಿಸಿ, ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. ಜನ ನೋಡಲು ಗುಂಪು ಸೇರುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಯಾವ ಅಡ್ಡಿಯೂ ಇಲ್ಲದ ರಸ್ತೆಯಲ್ಲಿ ಬ್ರೇಕು ಹಿಡಿಯುತ್ತಿದ್ದರು. ಪರಿಚಯದವರು ಎದುರಾದರೆ ಸಾಕು, ಕೀಚ್. ಪ್ರತಿ ಕೀಚಿಗೂ ಹಿಂದೆ ಕೂತ ಅಕ್ಕನ ಹಣೆ ಅವರ ಬೆನ್ನಿಗೆ ಬಡಿಯುತ್ತಿತ್ತು. ಸ್ಕೂಲಿಗೆ ಹೋಗುವಷ್ಟರಲ್ಲಿ ಅವಳ ಕುಂಕುಮ ಅವರ ಅಂಗಿಗೆ ಅಂಟಿರುತ್ತಿತ್ತು.

ಇಷ್ಟಕ್ಕೇ ಬಿಡಲಿಲ್ಲ. "ಮುಂದ್ಲು ಬಿರೇಕು ಹೆದ್ರುಪುಕ್ಕಲರಿಗೆ. ಅದ ಹಿಡುದ್ರೆ ಗಾಡಿ ಮಗುಚ್ತದೆ" ಅಂತ ಮುಂದಿನ ಬ್ರೇಕಿನ ತಂತಿಯನ್ನೇ ಬಿಚ್ಚಿಹಾಕಿದರು. ಆ ತಂತಿಯಿಂದ ಬಚ್ಚಲ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಹಾಗೆ ಒಂದು ವ್ಯವಸ್ಥೆ ಮಾಡಿದರು. ಮುಚ್ಚಿಕೊಂಡಿತು, ಆದರೆ ತೆರೆಯುತ್ತಿರಲಿಲ್ಲ. ನಾನು ಒಳಗೆ ಸಿಕ್ಕಿಕೊಂಡು ಕೂಗಿದಾಗ, ಹೊರಗಿನಿಂದ ಮೂರು ಬೀದಿಗೆ ಕೇಳುವ ಹಾಗೆ "ಜೋರಾಗಿ ಎಳೀಬ್ಯಾಡ, ಅದು ಮಿಷಿನ್ನು" ಅಂದರು.

ಆಯುಧ ಪೂಜೆ ಬಂತು. ನಮ್ಮ ಕಡೆ ಆ ದಿನ ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಎಣ್ಣೆ ಮುಟ್ಟಿಸಿ, ವಿಭೂತಿ ಎಳೆದು, ಕುಂಕುಮ ಇಟ್ಟು ಸಾಲಾಗಿ ಜೋಡಿಸುತ್ತಾರೆ. ಈಳಿಗೆಮಣೆ, ಮಚ್ಚು, ಕತ್ತರಿ, ಕೊಡಲಿ. ವಾಹನಕ್ಕೂ ಹಾಗೆಯೇ, ಒರೆಸಿ ಎಣ್ಣೆ ತೀಡಿ ಹೊಳಪು ಬರಿಸುತ್ತಾರೆ. ಹಿಂದಿನ ವರ್ಷಗಳಲ್ಲೂ ಭಾವನವರು ಗಾಡಿಗೆ ಎಣ್ಣೆ ತೀಡಿದ್ದರು. ಆದರೆ ಆಗ ಬ್ರೇಕು ಡಬ್ಬಿಯೊಳಗೆ ಇತ್ತಲ್ಲ, ಇವರ ಭಕ್ತಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಈ ಸಲ ಅದು ಹೊಸ ಮದುಮಗಳ ಹಾಗೆ ಆಚೆಗೇ ಕೂತಿತ್ತು. ಎಲ್ಲಕ್ಕಿಂತ ಹೆಚ್ಚಿನ ಉಪಚಾರ ಅದಕ್ಕೇ. ಬಟ್ಟೆ ಮುದ್ದೆ ಮಾಡಿ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಚಕ್ರ ತಿರುಗಿಸಿ ತಿರುಗಿಸಿ ಆ ತಟ್ಟೆಯ ಎರಡೂ ಮುಖಕ್ಕೆ ತೀಡಿದರು. ಬಿಲ್ಲೆಗಳಿಗೂ ಸಂದಿಯಲ್ಲಿ ಬೆರಳು ತೂರಿಸಿ ಹಚ್ಚಿದರು. ಮೇಲೆ ಮೂರು ಪಟ್ಟೆ ವಿಭೂತಿ.

"ಬಾಮ್ಮಾ, ನೋಡು, ಮುಖ ಕಾಣ್ತದೆ" ಅಂತ ನನ್ನನ್ನು ಕರೆದರು. ಕಾಣುತ್ತಿತ್ತು, ಅವರದೇ ಮುಖ.

ಬೂದುಗುಂಬಳ ಒಡೆದದ್ದಾಯಿತು. ಹ್ಯಾಂಡಲ್ಲಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಇನ್ನು ಚಕ್ರದಡಿ ನಿಂಬೆಹಣ್ಣು ಇಟ್ಟು ಒಂದು ಸುತ್ತು ಹೋಗಿಬರುವುದು. ಒಬ್ಬರೇ ಹೋಗಬಹುದಿತ್ತು. "ಮನೆ ಲಕ್ಷ್ಮಿ ಹಿಂದ್ಗಡೆ ಇರ್ಬೇಕು" ಅಂತ ಅಕ್ಕನನ್ನು ಅಡುಗೆಮನೆಯಿಂದ ಎಬ್ಬಿಸಿಕೊಂಡು ಬಂದರು. ರೇಷ್ಮೆ ಸೀರೆ ಉಟ್ಟಿದ್ದಳು. ಒಲೆಯ ಮೇಲೆ ಪಾಯಸ ಇದೆ, ತಳ ಹಿಡಿಯುತ್ತೆ ಅಂದಳು. ನಾನು ನೋಡ್ಕೋತೀನಿ ಹೋಗು ಅಂದೆ.

ನಮ್ಮ ಬೀದಿ ಕೆರೆಯ ಕಡೆಗೆ ಇಳಿಜಾರು. ಕೆಳಗೆ ತಿರುವಿನಲ್ಲಿ ಒಂದು ಆಲೆಮನೆ. ಬೆಲ್ಲದ ಒಲೆಗೆ ಉರಿ ಹಾಕಲು ಕಬ್ಬಿನ ರಚ್ಚನ್ನು, ಅಂದರೆ ಹಿಂಡಿದ ಸಿಪ್ಪೆಯನ್ನು, ಬಣವೆಯ ಹಾಗೆ ಒಟ್ಟಿ ಒಣಗಿಸಿದ್ದರು. ಪಕ್ಕದಲ್ಲಿ ಕಲ್ಲುಕಟ್ಟೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗಾಡಿ ನಿಧಾನವಾಗಿಯೇ ಹೊರಟಿತು. ತಿರುವು ಹತ್ತಿರ ಬಂದಾಗ ಕೀಚ್ ಅನ್ನುತ್ತದೆ ಅಂತ ಅಕ್ಕಪಕ್ಕದವರೆಲ್ಲ ಕಾದಿದ್ದರು. ಶಬ್ದವೇ ಇಲ್ಲ. ಭಾವನವರು ಗಾಬರಿಯಲ್ಲಿ ಬ್ರೇಕಿನ ಜೊತೆಗೆ ಕ್ಲಚ್ಚನ್ನೂ ಹಿಡಿದರಂತೆ. ಎಂಜಿನ್ನಿನ ಹಿಡಿತವೂ ತಪ್ಪಿ ಗಾಡಿಗೆ ಇನ್ನೂ ಸಲೀಸಾಯಿತು. ಬಾಳೆಕಂದು, ಚೆಂಡುಹೂವು, ಲಕ್ಷ್ಮಿ ಸಮೇತ ಗಾಡಿ ನೆಟ್ಟಗೆ ಆಲೆಮನೆಗೆ ನುಗ್ಗಿತು.

ನಾನು ಓಡಿ ಕೆಳಗಿಳಿಯುವ ಹೊತ್ತಿಗೆ ಭಾವನವರು ರಚ್ಚಿನ ಬಣವೆಯೊಳಗಿನಿಂದ ತಲೆ ಹೊರಗೆ ಹಾಕುತ್ತಿದ್ದರು. ಒಂದು ಗೀರೂ ಇಲ್ಲ. ಅಕ್ಕ ಕಲ್ಲುಕಟ್ಟೆಯ ಮೇಲೆ ಬಿದ್ದಿದ್ದಳು.

ಬೆಲ್ಲ ಕಾಯಿಸುತ್ತಿದ್ದ ಮುದುಕ ಕೇಳಿದ: "ಯಾಕ್ ಬುದ್ಧಿ, ಬಿರೇಕಿರ್ನಿಲ್ವಾ?"

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಅದೆ ಕಣಯ್ಯ, ಫಾರಿನ್ ಬಿರೇಕು" ಅಂದರು ಭಾವನವರು, ತಲೆಯಿಂದ ಸಿಪ್ಪೆ ಕಿತ್ತುಕೊಳ್ಳುತ್ತಾ.

"ಅಂಗಾರೆ ಫಾರಿನ್ಗೋಗಿ ನಿಲ್ತಿತ್ತೇನೋ. ನಮ್ ಆಲೆಮನೆ ಅಡ್ಡ ಬಂದ್ಬುಡ್ತು" ಅಂದ ಮುದುಕ.

ಅಕ್ಕ ಎದ್ದು ಕೂತಿದ್ದಳು. ಬಲಗೈ ಮಣಿಕಟ್ಟಿನಿಂದ ಕೆಳಗೆ ಬೇರೆ ಯಾರದೋ ಕೈಯ ಹಾಗೆ ಜೋತುಬಿದ್ದಿತ್ತು. ಅಳಲಿಲ್ಲ. ಉರುಳಿಬಿದ್ದ ಗಾಡಿಯನ್ನೇ ನೋಡುತ್ತಿದ್ದಳು. ತಟ್ಟೆಯಿಂದ ಎಣ್ಣೆ ಬೆರೆತ ವಿಭೂತಿ ಇಳಿಯುತ್ತಿತ್ತು.

"ಇದಕ್ಕೂ ಎಣ್ಣೆ ಹಚ್ಚಿದ್ರಾ?" ಅಂದಳು.

"ಪೂಜೆಗೆ ಹಚ್ದೇ ಇರಕ್ಕಾಗ್ತದಾ?"

"ಕಾವಲಿಗೆ ಎಣ್ಣೆ ಯಾಕ್ರೀ ಸವರ್ತಾರೆ? ದೋಸೆ ಕಚ್ಕೋಬಾರ್ದು ಅಂತ ತಾನೆ? ದಿನಾ ಬೆಳಿಗ್ಗೆ ಮುಂದೆ ಕೂತ್ಕಂಡು ತಿಂತೀರಲ್ಲ, ಅಷ್ಟೂ ನೋಡಲಿಲ್ವಾ?"

ಮದುವೆಯಾದ ಮೇಲೆ ಅವಳು ಗಂಡನಿಗೆ ಆಡಿದ ಅತಿ ಖಾರದ ಮಾತು ಅದೇ. ನನಗೆ ಸಾಲದು ಅನ್ನಿಸಿತು.

ಮಂಡ್ಯದ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರಿನ ಪಟ್ಟು ಹಾಕಿದರು. ಮೂಳೆ ಕೂಡಿತು, ಆದರೆ ಮಣಿಕಟ್ಟು ಕೊಂಚ ವಾರೆಯಾಗಿಯೇ ಉಳಿಯಿತು. ಅಕ್ಕನಿಗೆ ರೂಪದ ಜಂಬವಿರಲಿಲ್ಲ, ಹಾಡು ಬರುತ್ತಿರಲಿಲ್ಲ. ಅವಳಿಗೆ ಇದ್ದ ಒಂದೇ ಹೆಮ್ಮೆ ಅಕ್ಷರ. ಕರಿಹಲಗೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಆಮೇಲೆ ಅವಳು ಬರೆದ ಸಾಲು ಯಾವತ್ತೂ ನೆಟ್ಟಗೆ ಬರಲಿಲ್ಲ, ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲೇರುತ್ತಿತ್ತು. ಇದೊಂದಕ್ಕೆ ನಾನು ಆ ಮನುಷ್ಯನನ್ನು ಇವತ್ತಿಗೂ ಕ್ಷಮಿಸಿಲ್ಲ.

ತಪ್ಪಾಯಿತು ಅಂದರಾ? ಇಲ್ಲ. "ದೃಷ್ಟಿ ತಾಗ್ತು ಕಣಮ್ಮ. ಊರೋರೆಲ್ಲ ಅದನ್ನೇ ನೋಡ್ತಿದ್ರಲ್ಲ" ಅಂದರು. ಫಾರಿನ್ನಿನ ಬ್ರೇಕಿಗೆ ಮಳವಳ್ಳಿಯ ದೃಷ್ಟಿ! ಅದಕ್ಕೂ ಪರಿಹಾರ ಯೋಚಿಸಿದ್ದರು. ಯಾರ ಕಣ್ಣಿಗೂ ಬೀಳದ ಹಾಗೆ ಡಿಸ್ಕಿನ ಸುತ್ತ ತಗಡಿನ ಮುಚ್ಚಳ ಹಾಕಿಸಿ ಮತ್ತೆ ಕೂರಿಸುವುದು.

"ಅದಕ್ಕೆ ಡ್ರಮ್ಮು ಅಂತಾರೆ ಭಾವ" ಅಂದೆ. ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ಮನೆ ತಣ್ಣಗಿತ್ತು.

ಮಾತು ಬಿಟ್ಟರೂ ಹಟ ಬಿಡಲಿಲ್ಲ. ಡಿಸ್ಕನ್ನು ಸೀಮೆಎಣ್ಣೆಯಲ್ಲಿ ತೊಳೆದು ನಡುಮನೆಯ ಕಿಟಕಿಯಲ್ಲಿ ಒಣಗಲು ಇಟ್ಟಿದ್ದರು. ಭಾನುವಾರ ರಾಜಣ್ಣನ ಹತ್ತಿರ ಒಯ್ಯುವುದು ಅಂತ. ಅಕ್ಕನ ಪಟ್ಟು ಬಿಚ್ಚಿದ ವಾರ. ಶನಿವಾರ ಬೆಳಗಿನ ಸ್ಕೂಲು. ಭಾವನವರು ಸ್ನಾನಕ್ಕೆ ಹೋದಾಗ ಅಕ್ಕ ಆ ತಟ್ಟೆಯನ್ನು ಎಡಗೈಯಲ್ಲಿ ಎತ್ತಿ ಪುಸ್ತಕದ ಚೀಲಕ್ಕೆ ಹಾಕಿಕೊಂಡಳು. ಭಾರಕ್ಕೆ ಒಂದು ಕಡೆ ವಾಲಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಬಚ್ಚಲ ಬಾಗಿಲು ಆ ದಿನ ಚೆನ್ನಾಗಿಯೇ ಕಚ್ಚಿಕೊಂಡಿತ್ತು. ಭಾವನವರು ಹೊರಗೆ ಬರುವುದು ತಡವಾಯಿತು.

ಪೂರಿಗಾಲಿಯ ಸ್ಕೂಲಿನಲ್ಲಿ ಗಂಟೆಗೆ ಅಂತ ಕಟ್ಟಿದ್ದ ರೈಲುಕಂಬಿಯ ತುಂಡನ್ನು ಯಾರೋ ಕದ್ದಿದ್ದರು. ಹೆಡ್ಮಾಸ್ಟರು ಊಟದ ತಟ್ಟೆ ಬಡಿದು ಮಕ್ಕಳನ್ನು ಬಿಡುತ್ತಿದ್ದರು. ಅಕ್ಕ ಕೊಟ್ಟ ಡಿಸ್ಕನ್ನು ಹುಣಸೆಮರದ ಕೊಂಬೆಗೆ ಕಟ್ಟಿ ಬಡಿದರೆ ಊರಾಚೆಯ ಗದ್ದೆಗೂ ಕೇಳಿತಂತೆ. ಭಾವನವರು ಸೋಮವಾರ ಕೆಂಡಾಮಂಡಲವಾಗಿ ಬಿಚ್ಚಿಕೊಂಡು ಬರಲು ಹೋದರು. ಹೆಡ್ಮಾಸ್ಟರಿಗೆ ಏನು ಗೊತ್ತು ಪಾಪ, ಇವರನ್ನು ಕಂಡಕೂಡಲೇ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ನಮ್ಮ ಶಾಲೆಗೆ ಗಂಟೆ ದಾನ ಮಾಡಿದ ಮಹನೀಯರು" ಅಂತ ಚಪ್ಪಾಳೆ ಹೊಡೆಸಿದರು. ಭಾವನವರು ಆ ಚಪ್ಪಾಳೆಯ ಮುಂದೆ ಕರಗಿಹೋದರು. ಮಾರನೆಯ ದಿನ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಹೋಗಿ ಡಿಸ್ಕಿನ ಮೇಲೆ ದುಂಡಗೆ ‘ದಾನಿಗಳು: ಶ್ರೀ ಶಿವಣ್ಣ, ಶಿವಪುರ’ ಅಂತ ಬರೆದು ಬಂದರು. ಗಾಡಿಗೆ ಹಳೆಯ ಡ್ರಮ್ಮೇ ಬಂತು.

ಅಕ್ಕ ಆ ಗಾಡಿಯ ಮೇಲೆ ಮತ್ತೆ ಕೂರಲಿಲ್ಲ. ಜಗಳವಾಡಲಿಲ್ಲ, ಕಾರಣ ಹೇಳಲಿಲ್ಲ, ಹೊತ್ತಿಗೆ ಸರಿಯಾಗಿ ಚೀಲ ಹಿಡಿದು ಬಸ್ಸಿಗೆ ಹೊರಡುತ್ತಿದ್ದಳು. "ಬಸ್ಸಿನ ಬಿರೇಕಿಗೆ ಏನ್ ಗ್ಯಾರಂಟಿ?" ಅಂತ ಭಾವನವರು ಗೊಣಗಿದರು. ಆಮೇಲೆ ದಿನಾ ಬೆಳಿಗ್ಗೆ ಬಸ್ಸಿನ ಹಿಂದೆಯೇ ಗಾಡಿಯಲ್ಲಿ ಪೂರಿಗಾಲಿಯವರೆಗೆ ಹೋಗಲು ಶುರುಮಾಡಿದರು. ಬಸ್ಸಿನ ಹೊಗೆ, ಧೂಳು ಎಲ್ಲ ಕುಡಿದುಕೊಂಡು, ಅವಳು ಇಳಿಯುವುದನ್ನು ದೂರದಿಂದ ನೋಡಿ ವಾಪಸ್ಸು ಬರುತ್ತಿದ್ದರು. ಇದನ್ನು ಕೇಳಿದವರು ಎಷ್ಟು ಪ್ರೀತಿ ಅನ್ನುತ್ತಾರೆ. ಎಂಟಾಣೆಯ ಟಿಕೆಟ್ಟು ತೆಗೆದುಕೊಂಡು ಹೆಂಡತಿಯ ಪಕ್ಕ ಕೂರಬಹುದಿತ್ತಲ್ಲ ಅಂತ ನಾನು ಕೇಳುತ್ತೇನೆ.

ಎಷ್ಟೋ ವರ್ಷಗಳಾದ ಮೇಲೆ ಸ್ಕೂಲಿಗೆ ಕರೆಂಟಿನ ಬೆಲ್ಲು ಬಂತು. ಅಕ್ಕ ನಿವೃತ್ತಿಯಾದಾಗ ಡಿಸ್ಕನ್ನು ಅವಳಿಗೇ ಕೊಟ್ಟು ಕಳಿಸಿದರು. ಹೊಡೆದು ಹೊಡೆದು ದಾನಿಗಳ ಹೆಸರು ಅಳಿಸಿತ್ತು, ‘ಶಿವಪುರ’ ಮಾತ್ರ ಉಳಿದಿತ್ತು. ಅದಾದ ವರ್ಷವೇ ಭಾವನವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋಯಿತು, ಮಾತೂ ಹೋಯಿತು. ಅಕ್ಕ ಅವರ ಮಂಚದ ಪಕ್ಕದ ಕಿಟಕಿಸರಳಿಗೆ ಆ ಡಿಸ್ಕು ಕಟ್ಟಿ, ಎಡಗೈಗೆ ಒಂದು ಹಳೆಯ ಸ್ಪ್ಯಾನರ್ ಕೊಟ್ಟಳು. ಏನಾದರೂ ಬೇಕಾದರೆ ಬಡಿಯಲಿ ಅಂತ.

ಬಡಿದರು. ನೀರಿಗೆ, ಸೊಳ್ಳೆಗೆ, ಬೀದಿಯಲ್ಲಿ ಲಾರಿ ಹೋದರೆ ಅದರ ಬ್ರೇಕಿನ ಶಬ್ದ ಸರಿಯಿಲ್ಲ ಎನ್ನುವುದಕ್ಕೆ. ಗಾಡಿಯನ್ನು ನಿಲ್ಲಿಸಲಾಗದ ಆ ತಟ್ಟೆ ನಮ್ಮಕ್ಕನನ್ನು ಮಾತ್ರ ಚೆನ್ನಾಗಿ ನಿಲ್ಲಿಸುತ್ತಿತ್ತು. ಒಗ್ಗರಣೆ ಹಾಕುತ್ತಿರಲಿ, ಹೂ ಕಟ್ಟುತ್ತಿರಲಿ, ಟಣ್ ಅಂದರೆ ಕೈಯಲ್ಲಿದ್ದದ್ದು ಅಲ್ಲೇ ನಿಲ್ಲುತ್ತಿತ್ತು.

"ಎರಡು ಸಲ ಹೊಡೀಲಿ ಬಿಡೇ, ನಿನ್ನ ಊಟ ಮುಗಿಸು" ಅಂದೆ ಒಂದು ಸಲ.

"ಸ್ವರ ಹೋಗಿರೋರು ಕಣೇ" ಅಂದಳು. ಎದ್ದು ಹೋದಳು.

ಕೊನೆಯ ಸಲ ನೋಡಲು ಹೋದಾಗ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಭಾವನವರು ನನ್ನ ಮುಖ ನೋಡಲಿಲ್ಲ. ಹೆಣ್ಣು ನೋಡಲು ಬಂದ ದಿನದ ಹಾಗೆಯೇ ಕುರ್ಚಿಯ ಕಾಲನ್ನು ನೋಡಿದರು. ಎಡಗೈ ಚಾಚಿ ಅದನ್ನು ಅಲ್ಲಾಡಿಸಿದರು. ಅಲ್ಲಾಡುತ್ತಿತ್ತು. ಏಳು ಅಂತ ಕಣ್ಣಲ್ಲಿ ಹೇಳಿದರು. ನಾನು ಬೇಕಂತಲೇ ಗಟ್ಟಿಯಾಗಿ ಕೂತೆ. ಸ್ಪ್ಯಾನರ್ ಎತ್ತಿ ಟಣ್ ಅಂತ ಬಡಿದರು. ಅಕ್ಕ ಓಡಿಬಂದಳು, ಅವರ ಕಣ್ಣು ನೋಡಿದಳು, ನನ್ನನ್ನು ಎಬ್ಬಿಸಿ ಬೇರೆ ಕುರ್ಚಿ ತಂದು ಹಾಕಿದಳು.

ಅವರು ಹೋಗಿ ವರ್ಷ ಕಳೆಯಿತು. ಅವರ ವಿಷಯದಲ್ಲಿ ನನ್ನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಬುದ್ಧಿಯಿಲ್ಲದ, ಜಂಬದ, ಹಟಮಾರಿ ಮನುಷ್ಯ. ಮೊನ್ನೆ ಅಕ್ಕನ ಮನೆಯಲ್ಲಿದ್ದೆ. ಡಿಸ್ಕು ಕಿಟಕಿಯಲ್ಲೇ ನೇತಾಡುತ್ತಿತ್ತು. "ಇನ್ಯಾಕೆ ಅದು, ಗುಜರಿಗೆ ಹಾಕಬಾರದಾ?" ಅಂದೆ. ಅಕ್ಕ ವಾರೆಯಾದ ಕೈಯಲ್ಲಿ ನನಗೆ ಮುದ್ದೆ ಬಡಿಸಿ, ತಾನೂ ತಟ್ಟೆಯ ಮುಂದೆ ಕೂತಳು. ಎರಡು ತುತ್ತು ನುಂಗಿರಬೇಕು, ಪಕ್ಕದ ಮನೆಯಲ್ಲಿ ಯಾರೋ ಟಣ್ ಅಂತ ಕೊಳಗ ಬೀಳಿಸಿದರು.

ಅಕ್ಕ ಎಂಜಲು ಕೈಯಲ್ಲೇ ಎದ್ದು ನಿಂತಳು.